ಸಿಂಚನಳ ತಣ್ಣನೆಯ ಪಾದಗಳು

ಅತ್ತೇ,

ನೀವು ಇದ್ದಾಗಲೇ ಎದುರಿಗೆ ಕೂತು ಹೇಳಬೇಕಿದ್ದ ಮಾತಿದು. ಹೇಳಲಿಲ್ಲ. ಈಗ ಬರೀತಿದ್ದೀನಿ, ಸಿಟ್ಟಲ್ಲೇ ಬರೀತಿದ್ದೀನಿ. ಸಿಟ್ಟು ನಿಮ್ಮ ಮೇಲಲ್ಲ.

ಸಿಂಚನ ಹುಟ್ಟಿದಾಗ ಅಳಲೇ ಇಲ್ಲ. ಉಸಿರು ಸಾಲದೆ ಮಿದುಳಿಗೆ ಪೆಟ್ಟಾಗಿದೆ, ಕೂರೋದಿಲ್ಲ, ನಡೆಯೋದಿಲ್ಲ, ಮಾತಾಡೋದಿಲ್ಲ ಅಂದರು ಡಾಕ್ಟರು. ಅದನ್ನು ನಾನೂ ನಿಮ್ಮ ಮಗನೂ ಹೇಗೋ ನುಂಗಿಕೊಂಡೆವು. ಆದರೆ ಆ ಪಾದಗಳು? ಬೇಸಿಗೆಯಲ್ಲೂ ತಣ್ಣಗೆ. ಚಳಿ ಬಂತೆಂದರೆ ಮೊಣಕಾಲಿನವರೆಗೂ ನೇರಳೆ ಹಣ್ಣಿನ ಬಣ್ಣ. ಎಷ್ಟು ಡಾಕ್ಟರಿಗೆ ತೋರಿಸಿದೆವು ನೆನಪಿದೆಯಾ? "ಇಂಥ ಮಕ್ಕಳಿಗೆ ಹಂಗೇ ಇರುತ್ತಮ್ಮ, ಸಾಕ್ಸ್ ಹಾಕಿ." ಯಾಕೆ ಹಂಗಿರುತ್ತೆ ಅಂತ ಕೇಳೋಷ್ಟರಲ್ಲಿ ಮುಂದಿನವರನ್ನು ಕರೆದಾಗಿರುತ್ತಿತ್ತು. ಒಬ್ಬರೂ ಪಾದ ಮುಟ್ಟಿ ನೋಡಲಿಲ್ಲ.

ಆ ಚಳಿಗಾಲದ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನೀವು ನಿಮ್ಮ ಮಂಡಿನೋವಿನ ಬಿಸಿನೀರಿನ ಚೀಲ ತುಂಬಿಸಿ, ಅವಳ ಪಾದದಡಿ ಇಟ್ಟು, ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತಿದ್ದಿರಿ. ಅವಳು ಅಳಲಿಲ್ಲ, ಕಾಲೂ ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳೋಕೆ ಅವಳಿಗೆ ಆಗುತ್ತಾ? ಕಂಬಳಿ ತೆಗೆದಾಗ ಎರಡೂ ಅಂಗಾಲಿನಲ್ಲಿ ಗುಳ್ಳೆ.

"ಬೆಚ್ಚಗಾಗ್ಲಿ ಅಂತ ಇಟ್ಟೆ ಕಣೇ ರೇಣುಕಾ."

"ಯಾರು ಇಡಿ ಅಂದಿದ್ದು ನಿಮಗೆ? ಇನ್ಮೇಲೆ ಅವಳನ್ನ ಮುಟ್ಟಬೇಡಿ!"

ನೀವು ಮುಟ್ಟಲಿಲ್ಲ. ಗಾಯ ಮಾಗಿದ ಮೇಲೂ ಬಾಗಿಲ ಹತ್ತಿರ ನಿಂತು ನೋಡಿ ಹೋಗುತ್ತಿದ್ದಿರಿ. "ಒಳಗೆ ಬನ್ನಿ" ಅನ್ನೋಕೆ ನನಗೆ ಎರಡು ತಿಂಗಳು ಸಾಲಲಿಲ್ಲ. ಯುಗಾದಿ ಕಳೆಯಲಿ, ಮಾತಾಡಿಸೋಣ ಅಂದುಕೊಂಡಿದ್ದೆ. ಅಷ್ಟರೊಳಗೆ ನಿಮ್ಮ ಎದೆನೋವು...

ಮಳೆಗಾಲ ಮುಗಿದ ಮೇಲೆ ಉಳವಿಯ ನನ್ನ ಚಿಕ್ಕಮ್ಮ ಹೇಳಿದರು, ಸೊರಬದಲ್ಲಿ ವಾರಕ್ಕೊಮ್ಮೆ ಇಂಥ ಮಕ್ಕಳಿಗೆ ವ್ಯಾಯಾಮ ಮಾಡಿಸೋ ಮೇಡಂ ಬರ್ತಾರೆ ಅಂತ. ಒಂಬತ್ತು ವರ್ಷದ ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಬಸ್ಸು ಹತ್ತಿದೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಇಳಿಬಿದ್ದ ಕಾಲು ಕಪ್ಪಿಟ್ಟಿತ್ತು. ಆ ಮೇಡಂ ಮೊದಲು ಮಾಡಿದ್ದೇನು ಗೊತ್ತಾ? ನೆಲದ ಮೇಲೆ ಕೂತು, ಸಾಕ್ಸ್ ಬಿಚ್ಚಿ, ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದುಕೊಂಡರು.

"ನಾವು ನಡೆದಾಗ ಕಾಲಿನ ಮಾಂಸಖಂಡ ಹಿಂಡಿ ರಕ್ತನ ಮೇಲಕ್ಕೆ ತಳ್ಳುತ್ತೆ. ಇವಳು ನಡೆಯಲ್ಲ, ಅದಕ್ಕೇ ಕೆಳಗೇ ನಿಲ್ಲುತ್ತೆ," ಅಂದರು. ಸಾಕ್ಸಿನ ಬಿಗಿಯಾದ ಎಲಾಸ್ಟಿಕ್ ಮೂಡಿಸಿದ್ದ ಗೆರೆ ತೋರಿಸಿ, "ಇದನ್ನ ಮೊದಲು ಬಿಸಾಕ್ರೀ."

ಸಡಿಲವಾದ ಉಣ್ಣೆ ಸಾಕ್ಸು. ಆಗಾಗ ಮಗ್ಗುಲು ಬದಲಿಸೋದು. ಕಾಲು ಜೋತುಬೀಳದ ಹಾಗೆ ಆಸರೆ ಕೊಡೋದು. ಪಾದ ಮೆಲ್ಲಗೆ ಮೇಲೆ ಕೆಳಗೆ ಆಡಿಸೋದು. ಒಂಬತ್ತು ವರ್ಷ ನಮಗೆ ಯಾರೂ ಹೇಳದೆ ಇದ್ದದ್ದು ಇಷ್ಟೇ ಅತ್ತೆ. ಇಷ್ಟೇ!

ಅಂಗಾಲಿನ ಕಲೆ ನೋಡಿ ಅವರು ಕೇಳಿದರು. "ನಮ್ಮತ್ತೆ ಬಿಸಿನೀರಿನ ಚೀಲ..." ಅಂದೆ.

"ಸುಟ್ಟರೂ ಈ ಮಕ್ಕಳಿಗೆ ಹೇಳೋಕಾಗಲ್ಲ, ಹಂಗೆ ಬಿಸಿ ಇಡಬಾರದು ಅಂತ ನಿಮಗೆ ಯಾರೂ ಹೇಳಿರಲಿಲ್ವಾ?"

"ಇಲ್ಲ ಮೇಡಂ."

"ಮತ್ತೆ ಅವರದ್ದೇನು ತಪ್ಪು?"

ನಿಮ್ಮ ಮುಖವನ್ನೇ ನೋಡದ ಹೆಂಗಸು ಒಂದು ಗಳಿಗೆಯಲ್ಲಿ ಹೇಳಿದ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ? ಬಿಳಿ ಕೋಟಿನವರನ್ನು ಬೈಯಲಾರದೆ ನಿಮ್ಮನ್ನು ಬೈದೆನಾ? ಬಸ್ಸಲ್ಲಿ ವಾಪಸು ಬರುವಾಗ ತೊಗರ್ಸಿಗೆ ಹೋಗೋ ಅಜ್ಜಿಯೊಬ್ಬರು, "ಯಾಕವ್ವಾ, ಅಳ್ತೀಯ?" ಅಂದರು.

ಪೂರಾ ವಾಸಿಯಾಗಿದೆ ಅಂತ ಸುಳ್ಳು ಬರೆಯಲ್ಲ. ಚಳಿ ದಿನಗಳಲ್ಲಿ ಪಾದ ಈಗಲೂ ತಣ್ಣಗೇ ಇರುತ್ತೆ, ಬಣ್ಣ ಮಾತ್ರ ಬೇಗ ತಿಳಿಯಾಗುತ್ತೆ. ಹೋದ ತಿಂಗಳು ಮೇಡಂ ಅಳತೆ ಬರೆದುಕೊಟ್ಟರು. ನಿಮ್ಮ ಮಗ ಬಡಗಿಯ ಜೊತೆಗೇ ಕೂತು, ಅವಳನ್ನು ನಿಲ್ಲಿಸೋಕೆ ಒಂದು ಮರದ ಚೌಕಟ್ಟು ಮಾಡಿಸಿದರು. ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಮೆತ್ತನೆ ಪಟ್ಟಿ ಕಟ್ಟಿ ದಿನಾ ಒಂದಷ್ಟು ಹೊತ್ತು ನಿಲ್ಲಿಸ್ತೀವಿ. ಮೊದಲ ದಿನ ನಿಂತಾಗ ಕತ್ತು ಎತ್ತಿ ನಮ್ಮಿಬ್ಬರನ್ನೂ ನೋಡಿದಳು. ಹುಟ್ಟಿದಾಗಿನಿಂದ ಅವಳು ಮಲಗಿದ್ದು, ಇಲ್ಲಾ ನಾವು ಎತ್ತಿಕೊಂಡಿದ್ದು, ಇಷ್ಟೇ ಅಲ್ಲವಾ ನಾವು ನೋಡಿದ್ದು?

ಅತ್ತೇ, ನಿಮ್ಮ ಮೊಮ್ಮಗಳು ನನ್ನ ಎದೆಮಟ್ಟ ಬೆಳೆದಿದ್ದಾಳೆ. ಅವಳು ಇಷ್ಟು ಎತ್ತರ ಅಂತ ನಮ್ಮಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.