ಜೋರಾಗಿ ತಿರುಗಿದ ಪ್ಲೇಟು

ಅಪ್ಪಾ,

ನೀನು ಹೋಗಿ ವರ್ಷಗಳಾದವು. ಆದರೂ ಈ ಸುದ್ದಿಯನ್ನು ನಿನಗೇ ಹೇಳಬೇಕು.

ನೂರು ವರ್ಷದ ಹಿಂದಿನ ಆ ಗಾಯಕಿಯ ಗ್ರಾಮಫೋನ್ ಪ್ಲೇಟನ್ನು ನಮ್ಮ ಶಹಾಬಾದಿನ ಮನೆಯಲ್ಲಿ ಹಾಕಿ, ಅದೇ ಎತ್ತರದ ಶ್ರುತಿ, ಅದೇ ಓಟದ ತಾನಗಳು ಬೇಕೆಂದು ನನ್ನನ್ನು ಹಾಡಿಸುತ್ತಿದ್ದೆಯಲ್ಲ. ಕೆಮ್ಮಿದರೆ, "ಗಂಟಲ ಹರೀಲಿ, ಸುರ ಇಳಿಸಬ್ಯಾಡ!" ಎನ್ನುತ್ತಿದ್ದೆ. ಹದಿನಾರನೇ ವಯಸ್ಸಿಗೇ ಗಂಟಲು ಹರಿಯಿತು.

ಇವತ್ತು ತಂಗಿಯ ಮಗಳು ಅಂಬಿಕಾ ಅದೇ ಹಾಡನ್ನು ವೇಗ ಸರಿಪಡಿಸಿ ಮೊಬೈಲಿನಲ್ಲಿ ಕೇಳಿಸಿದಳು. ತಗ್ಗಿನ ದನಿ, ಸ್ವರದಿಂದ ಸ್ವರಕ್ಕೆ ನಿಧಾನವಾಗಿ ಜಾರುವ ಮೀಂಡು.

"ದೊಡ್ಡವ್ವಾ, ಆಕಿ ಹಾಡಿದ್ದು ಹಿಂಗ. ಅಜ್ಜನ ಮಷೀನ್ ಭಾಳ ಜೋರ ತಿರಗ್ತಿತ್ತು," ಎಂದಳು.

ಆ ದನಿ ನನ್ನ ಗಂಟಲಿನ ಅಳತೆಯದೇ ಆಗಿತ್ತು.

"ನೀನೂ ಹಾಡು," ಎಂದಳು. ಬಾಯಿ ತೆರೆದೆ. ಬರೀ ಗಾಳಿ ಬಂತು, ಅಪ್ಪಾ.