ಬೀರ್ ರುಮ್ಮಾನಿನ ಹದಿನಾಲ್ಕು ಹೆಸರುಗಳು

ಬೀರ್ ರುಮ್ಮಾನ್, ಹೆಬ್ರಾನಿನ ದಕ್ಷಿಣದ ಗುಡ್ಡಗಳು
ಕ್ರಿ.ಶ. 2174, ಹದಿಮೂರನೆಯ ತಿಂಗಳು, ತಾರೀಕು 3, ಮಧ್ಯಾಹ್ನ

ಮಾನ್ಯ ವಿಜಯಮಾಲಾ ಕೊಣ್ಣೂರ ಅವರಿಗೆ,

ಮೇಲಿನ ತಾರೀಕನ್ನು ಕೈತಪ್ಪು ಅಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನಿಮ್ಮ ಕಾಲದಲ್ಲಿ ಅಕ್ಟೋಬರಿನಲ್ಲಿ ನಡೆಯುತ್ತಿದ್ದ ಆಲಿವ್ ಕೊಯ್ಲು ವರ್ಷವರ್ಷಕ್ಕೆ ಜಾರುತ್ತಾ ಈಗ ಈ ಕೊನೆಯ ತಿಂಗಳಿಗೆ ಬಂದು ನಿಂತಿದೆ. ನಾನು ಬರೆಯುತ್ತಿರುವುದು ನಿಮ್ಮ ಕಾಲದ ಅಚ್ಚಿನ ಕನ್ನಡ. ದಾಖಲೆಗಳ ಭಂಡಾರದಲ್ಲಿದ್ದ ಹಳೆಯ ಪತ್ರಿಕೆಗಳನ್ನು ಓದಿ ಓದಿ ಕಲಿತದ್ದು. ನಡುನಡುವೆ ನಮ್ಮ ಕಾಲದ ಪದಗಳು ನುಸುಳುತ್ತವೆ. ಅದಕ್ಕೆ ಕ್ಷಮೆ ಇರಲಿ. ಅಂಥ ಪದ ಬಂದಲ್ಲಿ ಅರ್ಥ ಹೇಳಿಯೇ ಮುಂದೆ ಹೋಗುತ್ತೇನೆ.

ನನ್ನ ಹೆಸರು ನೀಲಾವತಿ ಬೆಳವಟಗಿ. ಧಾರವಾಡದವಳು, ವಯಸ್ಸು ಐವತ್ತೇಳು, ಉದ್ಯೋಗ ಕಣ್ಣುಹೊಣೆ. ಯಂತ್ರಗಳು ಹೆಣೆಯುವ ಸುಳ್ಳು ಚಿತ್ರಗಳು ನಿಮ್ಮ ಕಾಲದಲ್ಲೇ ಶುರುವಾಗಿದ್ದವಲ್ಲ, ಆಮೇಲೆ ಅವು ಎಷ್ಟು ಹೆಚ್ಚಿದವೆಂದರೆ ಕೊನೆಗೆ ಯಾವ ಚಿತ್ರವನ್ನೂ ಯಾರೂ ನಂಬದ ಹಾಗಾಯಿತು. ಆಗ ಒಂದು ಕಾನೂನು ಬಂತು: ಪ್ರತಿಯೊಂದು ಹಳೆಯ ಚಿತ್ರಕ್ಕೂ ಬದುಕಿರುವ ಒಬ್ಬ ಮನುಷ್ಯ ಹೊಣೆ ನಿಲ್ಲಬೇಕು. ವರ್ಷಕ್ಕೊಮ್ಮೆ ಆ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಇದರಲ್ಲಿ ಇರುವುದು ಇಷ್ಟು, ಚೂರೂ ಹೆಚ್ಚಿಲ್ಲ, ಚೂರೂ ಕಡಿಮೆಯಿಲ್ಲ ಎಂದು ಆಣೆ ಮಾಡಬೇಕು. ನನ್ನ ಹೊಣೆಯಲ್ಲಿ ನಾನೂರ ಹನ್ನೊಂದು ಚಿತ್ರಗಳಿವೆ. ಹೊಣೆ ನಿಂತವರು ಒಂದೇ ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದರೂ ಅವರ ಕೈಯಲ್ಲಿದ್ದ ಅಷ್ಟೂ ಚಿತ್ರಗಳು ಅಂದಿಗೇ ರದ್ದಾಗುತ್ತವೆ. ಮೂವತ್ತು ವರ್ಷದಲ್ಲಿ ನಾನು ಸುಳ್ಳು ಹೇಳಿದವಳಲ್ಲ. ಹಾಗಂತ ಧೈರ್ಯವಂತೆಯೂ ಅಲ್ಲ, ಹಲ್ಲಿ ಮೈಮೇಲೆ ಬಿದ್ದರೆ ಬೀದಿಗೆ ಓಡುವವಳು. ಅಂಥವಳು ಮನೆಮಠ ಬಿಟ್ಟು ಈ ಕಲ್ಲುಗುಡ್ಡದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿರುವುದು ನಿಮ್ಮಿಂದಾಗಿ. ಬೈಯುತ್ತಿಲ್ಲ ತಾಯೀ, ಇದ್ದ ಮಾತು ಹೇಳುತ್ತಿದ್ದೇನೆ.

ಬೀರ್ ರುಮ್ಮಾನ್ ಎಂದರೆ ದಾಳಿಂಬೆ ಬಾವಿ. ಹುಡುಕಿದರೂ ಒಂದು ದಾಳಿಂಬೆ ಗಿಡ ಸಿಗುವುದಿಲ್ಲ. ಇರುವುದು ಬಂಡೆ ಕೊರೆದು ಮಾಡಿದ ಮಳೆನೀರಿನ ಒಂದು ತೊಟ್ಟಿ, ಮೂರು ಗುಹೆಮನೆ, ಇಬ್ಬನಿಬಟ್ಟೆಯ ಹನ್ನೊಂದು ಡೇರೆ. ರಾತ್ರಿಯ ತೇವವನ್ನು ಹೀರಿ ಬೆಳಗ್ಗೆ ಕೊಡಕ್ಕೆ ತೊಟ್ಟಿಕ್ಕಿಸುವ ಬಟ್ಟೆ ಅದು. ನಲವತ್ತಾರು ಪ್ಯಾಲೆಸ್ಟೀನಿ ಜನ, ಅವರ ಕುರಿಗಳು, ಆಲಿವ್ ಮರಗಳು. ಇವರ ಹಿರಿಯರನ್ನು ಇಲ್ಲಿಂದ ಓಡಿಸಿದ್ದು ನಿಮ್ಮ ಕಾಲದಲ್ಲಿ. ನಾಲ್ಕು ತಲೆಮಾರು ಊರೂರು ಅಲೆದು, ಒಂಬತ್ತು ವರ್ಷದ ಹಿಂದೆ ಮರಳಿ ಬಂದರು. ಎದುರಿನ ದಿಣ್ಣೆಯ ಮೇಲೆ ಇರುವವರನ್ನು ಇವರು ಗುಡ್ಡದವರು ಎನ್ನುತ್ತಾರೆ. ನಿಮ್ಮ ಸುದ್ದಿಗಳಲ್ಲಿ ಅಂಥವರಿಗೆ ವಸಾಹತುಗಾರರು ಎಂಬ ಹೆಸರಿತ್ತು. ಆಗ ಅವರದು ಎರಡು ತಗಡಿನ ಕೋಣೆ, ಒಂದು ಬಾವುಟ. ಈಗ ಕಲ್ಲಿನ ಊರೇ ಇದೆ, ಮೂಕಬಂಡಿಗಳಿವೆ. ಸದ್ದೇ ಮಾಡದೆ ಇಳಿಜಾರಿನಲ್ಲಿ ತೆವಳಿಕೊಂಡು ಬರುವ ಬಂಡಿಗಳು. ಬಂದದ್ದು ಗೊತ್ತಾಗುವುದು ಕಲ್ಲು ಬಿದ್ದ ಮೇಲೆಯೇ.

ಹಾಗಾಗಿ ಇಲ್ಲಿಯವರು ಬದುಕುವ ರೀತಿಯೇ ಬೇರೆ. ಕೊಯ್ಲಿಗೆ ಒಬ್ಬೊಬ್ಬರಾಗಿ ಹೋಗುವ ಹಾಗಿಲ್ಲ. ಮರದ ಕೆಳಗೆ ಚಾಪೆಬಟ್ಟೆ ಹಾಸಿ ಎಲ್ಲರೂ ಕಾಯಿ ಉದುರಿಸುತ್ತಿರುವಾಗ, ದಿಣ್ಣೆಗೆ ಹತ್ತಿರದ ಮರದಲ್ಲಿರುವವರು ಹಾಡುತ್ತಿರಬೇಕು. ಹಾಡು ನಿಂತರೆ ಉಳಿದವರು ಬುಟ್ಟಿ ಬಿಟ್ಟು ಗುಹೆಯ ಕಡೆ ಓಡಬೇಕು. ಮೊನ್ನೆ ಹಾಡುತ್ತಿದ್ದ ಮುದುಕನಿಗೆ ಕೆಮ್ಮು ಬಂದು ಹಾಡು ನಿಂತಿತು. ನಲವತ್ತು ಜನ ದಿಕ್ಕಾಪಾಲಾಗಿ ಓಡಿದೆವು, ಆಮೇಲೆ ನಕ್ಕೆವು, ಆದರೆ ಅವತ್ತು ಮತ್ತೆ ಯಾರೂ ಕೊಯ್ಲಿಗೆ ಇಳಿಯಲಿಲ್ಲ. ನಮ್ಮ ಜೊತೆ ಜೆರುಸಲೇಮಿನ ಇಬ್ಬರು ಯಹೂದಿ ಹೆಂಗಸರೂ ಇದ್ದಾರೆ. ಗುಡ್ಡದವರ ದೊಣ್ಣೆ ಅವರ ಬೆನ್ನನ್ನೂ ಬಿಟ್ಟಿಲ್ಲ.

ಈ ಮನೆಗಳ ಪರವಾಗಿ ಮಾತಾಡುವವಳು ಸಬ್ರೀನ್ ಎಂಬ ಮೂವತ್ತರ ಹೆಣ್ಣುಮಗಳು. ನನ್ನನ್ನು ಖಾಲ್ತೋ, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಾಳೆ. ಅವಳ ಹಣೆಯ ಮೇಲೆ ಒಂದು ಹಣೆಗಣ್ಣು ಇರುತ್ತಿತ್ತು. ಅದು ಗುಂಡಿಯಷ್ಟು ದೊಡ್ಡ ಕ್ಯಾಮೆರಾ; ಕಂಡದ್ದನ್ನೆಲ್ಲ ಊರಾಚೆಯ ಭಂಡಾರಕ್ಕೆ ಕಳಿಸುತ್ತದೆ. ಹೋದ ವಾರ ಇಬ್ಬರು ಮುಸುಕಿನವರು ಅವಳನ್ನು ನೆಲಕ್ಕೆ ಕೆಡವಿ ಅದನ್ನು ಕಲ್ಲಿನಿಂದ ಜಜ್ಜಿದರು, ಹಣೆಯಿಂದ ತೆಗೆಯದೆಯೇ. ಏಳು ಹೊಲಿಗೆ ಬಿದ್ದಿವೆ. ಹೊಲಿಗೆ ಹಾಕುವಾಗ ಅವಳ ಕೈ ಹಿಡಿದುಕೊಂಡು ಕೂತವಳು ನಾನು. ಅವಳು ಅಳಲಿಲ್ಲ, ನಾನು ಅತ್ತೆ.

ಇಲ್ಲಿಯವರೆಗೆ ಗುಡ್ಡದವರು ಪೂರ್ತಿ ಕೆಳಗಿಳಿದು ಡೇರೆಗಳಿಗೆ ಬೆಂಕಿ ಇಡದೇ ಇರುವುದು ನಡುಕಾವಲಿನಿಂದ. ಬೇರೆ ಬೇರೆ ದೇಶಗಳಿಂದ ಬಂದ ಹನ್ನೆರಡು ಜನ ಎರಡು ಕಡೆಯವರ ನಡುವೆ ನಿಂತಿದ್ದಾರೆ. ನಾಳೆ ಹತ್ತು ಗಂಟೆಗೆ ಬೇರುಸಭೆ ಸೇರುತ್ತದೆ. ಅದು ನಮ್ಮ ಕಾಲದ ನ್ಯಾಯಸ್ಥಾನ. ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಹಿರಿಯರು ಈ ನೆಲದಲ್ಲಿ ಇದ್ದರೇ? ಇದ್ದರೆಂದು ತೋರಿಸದಿದ್ದರೆ ನಡುಕಾವಲು ನಾಳೆ ಸಂಜೆಯೇ ಗಂಟುಮೂಟೆ ಕಟ್ಟುತ್ತದೆ. ಆಮೇಲೆ ಏನಾಗುತ್ತದೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇವರ ಕಾಗದಪತ್ರಗಳೆಲ್ಲ ಯಾವಾಗಲೋ ಸುಟ್ಟುಹೋಗಿವೆ. ಬರೀ ಮುಖ ಕಾಣುವ ಚಿತ್ರವನ್ನು ಸಭೆ ಒಪ್ಪುವುದಿಲ್ಲ, ಮುಖ ನೋಡಿ ಯಾರ ವಂಶವೆಂದು ಹೇಳಲಾಗುವುದಿಲ್ಲ. ಒಪ್ಪುವುದು ಹೆಸರುಕೊಂಡಿಯನ್ನು ಮಾತ್ರ: ಆ ಜಾಗದಲ್ಲೇ ನಿಂತು, ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿದವರ ದನಿ. ಅದನ್ನು ಇವತ್ತಿನವರ ವಂಶದ ಪಟ್ಟಿಯ ಜೊತೆ ತಾಳೆ ನೋಡುತ್ತಾರೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಈ ಪತ್ರ ನಿಮಗೆ ಬುಧವಾರ ತಲುಪುತ್ತದೆ. ಗುರುವಾರ ಮಧ್ಯಾಹ್ನ ಮೂರೂವರೆಗೆ, ಹುಬ್ಬಳ್ಳಿಯ ನಿಮ್ಮ ವಾಹಿನಿಯ ಡೆಸ್ಕಿನಲ್ಲಿ ನೀವು ಚಹಾ ಕುಡಿಯುತ್ತಿರುವಾಗ, ನಿಮ್ಮ ಫೋನಿಗೆ ಒಂದು ವಿಡಿಯೊ ಬರುತ್ತದೆ. ಕಳಿಸುವವರು ಮುಂತಸಿರ್ ಹಮ್ದಾನ್, ಇಲ್ಲಿಯ ಪತ್ರಕರ್ತರು. ಸೋಮವಾರ ನೀವೇ ಅವರಿಗೆ ಫೋನ್ ಮಾಡಿ ಕೊಯ್ಲಿನ ಗಲಾಟೆಯ ಬಗ್ಗೆ ಎರಡು ಮಾತಿನ ಬೈಟ್ ತೆಗೆದುಕೊಂಡಿದ್ದೀರಿ. ನಿಮಗೆ ಇನ್ನೂ ಆಗಬೇಕಾದದ್ದು ನಮಗೆ ಆಗಿಹೋದದ್ದು, ಹಾಗಾಗಿ ಮುಂದಿನದನ್ನು ಆದ ಹಾಗೆಯೇ ಹೇಳುತ್ತೇನೆ. ಅವರ ಫೋನಿನಲ್ಲಿ ನಿಮ್ಮ ನಂಬರು ಮೇಲಿತ್ತು, ಅಷ್ಟೇ. ತಲೆಗೆ ಪೆಟ್ಟು ಬಿದ್ದ ಮೇಲೆ ತೊಟ್ಟಿಯೊಳಗೆ ಇಳಿದು ಕೂತು, ಮೊದಲು ಕಂಡ ನಂಬರಿಗೆ ಕಳಿಸಿದರು. ಜೊತೆಗೆ ಟೈಪ್ ಮಾಡಿದ ಎರಡು ಸಾಲು: "ಇದನ್ನು ಇಟ್ಟುಕೊಳ್ಳಿ. ನನ್ನ ಫೋನು ಉಳಿಯುವುದಿಲ್ಲ." ಅವರ ಫೋನು ಉಳಿಯಲೇ ಇಲ್ಲ. ಮುಂತಸಿರ್ ಆಮೇಲೆ ಏನಾದರು ಎಂದು ನಮಗೆ ದೊರೆತ ಯಾವ ಕಾಗದದಲ್ಲೂ ಇಲ್ಲ.

ವಿಡಿಯೊ ಏಳು ನಿಮಿಷ ಹನ್ನೆರಡು ಸೆಕೆಂಡಿನದು ಎಂದು ನಿಮ್ಮ ಡೆಸ್ಕಿನ ನಮೂದು ಹೇಳುತ್ತದೆ. ಮುಂತಸಿರ್ ಅವರಿಗೆ ಒಂದು ರೂಢಿಯಿತ್ತು. ಯಾವ ಹಳ್ಳಿಯಲ್ಲಿ ಚಿತ್ರ ತೆಗೆದರೂ, ಗಲಾಟೆ ತಲೆಯ ಮೇಲೆ ಬಂದಿದ್ದರೂ, ಮೊದಲು ಅಲ್ಲಿದ್ದವರನ್ನು ಒಬ್ಬೊಬ್ಬರಾಗಿ ಕ್ಯಾಮೆರಾ ಮುಂದೆ ನಿಲ್ಲಿಸಿ ಹೆಸರು ಹೇಳಿಸುವುದು. ತನ್ನದು, ಅಪ್ಪನದು, ಅಜ್ಜನದು. ಮೂರು ನಿಮಿಷ ಬರೀ ಅದೇ. ಆಮೇಲೆ ದೊಣ್ಣೆ ಹಿಡಿದವರು ಇಳಿದು ಬರುವುದು, ಮರ ಕಡಿಯುವುದು, ಮುದುಕಿ ಫಿದ್ದಾ ಮರವನ್ನು ತಬ್ಬಿಕೊಂಡು ನಿಲ್ಲುವುದು. ಫಿದ್ದಾ ನಮ್ಮ ಸಬ್ರೀನಳ ಅಜ್ಜಿಯ ಅಜ್ಜಿಯ ಅಜ್ಜಿ.

ಆ ದಿನ ನಿಮ್ಮ ಡೆಸ್ಕಿನ ಮುಖ್ಯಸ್ಥರಾದ ಅಯ್ಯನಗೌಡರು ನಿಮಗೆ ಕಳಿಸಿದ ದನಿಸಂದೇಶ ಭಂಡಾರದಲ್ಲಿದೆ. ನೂರು ಸಲ ಕೇಳಿದ್ದೇನೆ. "ಮೊದಲಿನ ಮೂರು ನಿಮಿಷ ಬರೇ ಹೆಸರು ಹೇಳ್ತಾರವ್ವಾ, ಭಾಳ ಲ್ಯಾಗ್ ಆಗ್ತದ. ನಮ್ಮ ಮಂದಿಗೆ ಆ ಹೆಸರು ತಗೊಂಡು ಏನಾಗೂದದ? ಹೊಡೆದಾಟದಿಂದ ಶುರು ಮಾಡು, ಎರಡು ನಿಮಿಷದೊಳಗ ಮುಗಿಸು." ಅದಕ್ಕೆ ನಿಮ್ಮ ಉತ್ತರವೂ ಇದೆ. "ಆತು ಸರ್." ಗೌಡರು ಕೆಟ್ಟವರೆಂದು ನನಗೆ ಅನ್ನಿಸುವುದಿಲ್ಲ. ಆರು ಗಂಟೆಯ ಸುದ್ದಿ ಹೊರಡಿಸಬೇಕಾದವರು ಆಡುವ ಮಾತೇ ಅದು. ನೀವು ಕತ್ತರಿಸಿದಿರಿ. ಒಂದು ನಿಮಿಷ ಐವತ್ತೆರಡು ಸೆಕೆಂಡು ಉಳಿಯಿತು. ಅದರ ಮೇಲೆ ನಿಮ್ಮ ದನಿ ಕೂರಿಸಿದಿರಿ. ಚೆನ್ನಾಗಿ ಓದಿದ್ದೀರಿ. ಮನೆಗೆ ಹೋಗುವ ಮುಂಚೆ, ಫೋನಿನಲ್ಲಿ ಸ್ಟೋರೇಜ್ ತುಂಬಿದೆ ಎಂದು ಬಂದಾಗ, ಶುಭೋದಯದ ಹೂವುಗಳು ಮತ್ತು ಯಾರದೋ ಸೀಮಂತದ ವಿಡಿಯೊಗಳ ಜೊತೆ ಪೂರ್ತಿ ಚಿತ್ರವನ್ನೂ ಅಳಿಸಿದಿರಿ. ಈ ಊರು ಇತ್ತು ಎನ್ನುವುದಕ್ಕೆ ಇಡೀ ಭೂಮಿಯ ಮೇಲೆ ಉಳಿದಿರುವುದು ನಿಮ್ಮ ಕನ್ನಡದ ಆ ತುಂಡು ಮಾತ್ರ. ಅದು ನನ್ನ ಹೊಣೆಯ ಚಿತ್ರಗಳಲ್ಲೊಂದು. ಅದಕ್ಕೇ ಹೊಣೆ ನಿಲ್ಲಲು ಧಾರವಾಡದಿಂದ ನನ್ನನ್ನು ಕರೆಸಿದ್ದಾರೆ.

ಈ ಪತ್ರ ಮುಂತಸಿರ್ ಅವರಿಗೇ ಹೋಗಬೇಕಿತ್ತು. ಆದರೆ ಹಿಂದಂಚೆಗೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಗೆ, ವಿಳಾಸವೆಂದರೆ ದನಿ. ಯಾರ ದನಿ ನಮ್ಮ ಬಳಿ ಉಳಿದಿದೆಯೋ ಅವರಿಗೆ ಮಾತ್ರ, ಅದೂ ಒಂದೇ ಸಲ, ಪತ್ರ ಹೋಗುತ್ತದೆ. ಮುಂತಸಿರ್ ಅವರ ದನಿ ನಿಮ್ಮ ದನಿಯ ಅಡಿಯಲ್ಲಿ ಮುಚ್ಚಿಹೋಗಿದೆ. ಎಷ್ಟು ಸೋಸಿದರೂ ಬರಲಿಲ್ಲ. ಸೋಮವಾರದ ಬೈಟ್ ಎಲ್ಲೂ ಉಳಿದಿಲ್ಲ.

ಬರೆಯುತ್ತಿದ್ದ ಹಾಗೆ ಇಲ್ಲಿ ಹಾಡು ನಿಂತಿತ್ತು. ಕಾಲು ಗಂಟೆ ಗುಹೆಯಲ್ಲಿದ್ದು ಬಂದೆ. ದಿಣ್ಣೆಯಿಂದ ನಾಲ್ಕು ಬಂಡಿ ಇಳಿದು, ತೊಟ್ಟಿಯವರೆಗೆ ಬಂದು, ಏನೂ ಮಾಡದೆ ನಿಂತು ತಿರುಗಿ ಹೋದವು. ನಾಳೆಗೆ ದಾರಿ ಅಳೆದುಕೊಂಡು ಹೋದರು ಎಂದಳು ಸಬ್ರೀನ್.

ನಾನು ಈಗ ಯಾರಿಗೂ ಹೇಳಬಾರದ ಮಾತನ್ನು ನಿಮಗೆ ಹೇಳುತ್ತೇನೆ. ಚಿತ್ರ ಕೆಟ್ಟುಹೋಗಿದ್ದರೆ ಹೊಣೆ ನಿಂತವರು ಹಿಂದೆ ತಾವು ನೋಡಿದ್ದನ್ನು ನೆನಪಿನಿಂದ ಹೇಳಬಹುದು ಎಂಬ ನಿಯಮವಿದೆ. ಚಿತ್ರ ಹೋದ ವರ್ಷದವರೆಗೆ ಪೂರ್ತಿ ಇತ್ತು, ಹೆಸರುಗಳನ್ನು ನಾನೇ ಕೇಳಿದ್ದೇನೆ ಎಂದು ನಾಳೆ ಆಣೆ ಮಾಡಿದರೆ, ಸಭೆಯಲ್ಲಿ ನನ್ನನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಸಿಕ್ಕಿಬಿದ್ದರೆ ನನ್ನ ನಾನೂರ ಹನ್ನೊಂದು ಚಿತ್ರಗಳು ಹೋಗುತ್ತವೆ, ಅವುಗಳನ್ನು ನಂಬಿಕೊಂಡ ಹಳ್ಳಿಗಳೂ ಹೋಗುತ್ತವೆ. ಬೆಳಗ್ಗೆ ರೊಟ್ಟಿ ಬೇಯಿಸುತ್ತಾ ಕೂತಿದ್ದ ಸಬ್ರೀನಳ ಮುಂದೆ ಇದನ್ನು ಹೇಳಿದೆ. ಅವಳು ತಲೆ ಎತ್ತಲಿಲ್ಲ. "ಬೇಡ ಅನ್ನೋ ಶಕ್ತಿ ನನಗಿಲ್ಲ ಖಾಲ್ತೋ," ಎಂದಳು. "ಹೂಂ ಅಂತಲೂ ನನ್ನ ಬಾಯಲ್ಲಿ ಹೇಳಿಸಬೇಡ."

ಆಮೇಲೆ ಇಬ್ಬರೂ ಕೂತು ಹೆಸರು ಬರೆಯಲು ಶುರು ಮಾಡಿದೆವು. ನಿಮ್ಮ ತುಂಡಿನಲ್ಲಿ ಹದಿನಾಲ್ಕು ಜನ ಕಾಣುತ್ತಾರೆ, ಹದಿನಾಲ್ಕು ಹೆಸರು ಹೇಳಬೇಕು. ಮನೆಯವರ ಬಾಯಿಂದ ಬಾಯಿಗೆ ಬಂದದ್ದನ್ನೆಲ್ಲ ಕೂಡಿಸಿದರೂ ಒಂಬತ್ತಕ್ಕೆ ನಿಂತುಹೋಯಿತು. ಇನ್ನೂ ಐದು ಜನ ಯಾರೆಂದು ಯಾರಿಗೂ ತಿಳಿಯದು. ಅವರ ಸಂತಾನ ಉಳಿಯಲಿಲ್ಲವೋ, ದಾರಿಯಲ್ಲೇ ಚದುರಿಹೋದರೋ, ನೆನಪಿಟ್ಟುಕೊಳ್ಳುವವರು ಒಬ್ಬರೂ ಇಲ್ಲ. ಅವರಲ್ಲಿ ಒಬ್ಬಳು ತುಂಬು ಬಸುರಿ. ಕೆಂಪು ಸ್ವೆಟರು, ಒಂದು ಕೈ ಹೊಟ್ಟೆಯ ಮೇಲೆ. ನೀವು ಕತ್ತರಿಸಿದ ಜಾಗದಿಂದ ನಾಲ್ಕನೆಯ ಸೆಕೆಂಡಿನಲ್ಲಿ ಅವಳು ಕ್ಯಾಮೆರಾ ಕಡೆ ತಿರುಗಿ ಬಾಯಿ ತೆರೆಯುತ್ತಾಳೆ. ಸರದಿಯಲ್ಲಿ ಕೊನೆಯವಳಿರಬೇಕು. ನಿಮ್ಮ ದನಿ ಶುರುವಾಗುವುದು ಅಲ್ಲಿಂದಲೇ.

ಗೌಡರ ಮಾತು ಮೀರಿ ಎಂದು ನಾನು ಕೇಳುವುದಿಲ್ಲ. ಆರು ಗಂಟೆಯ ಸುದ್ದಿಗೆ ಬೇಕಾದಷ್ಟೇ ಕತ್ತರಿಸಿಕೊಳ್ಳಿ. ಪೂರ್ತಿ ಚಿತ್ರವನ್ನು ಮಾತ್ರ ಬೇರೆ ಕಡೆ ಇಟ್ಟು, ಎಲ್ಲಿ ಇಟ್ಟಿದ್ದೀರೆಂದು ನಾಲ್ಕು ಜನರಿಗೆ ತಿಳಿಸಿ. ನೀವು ಹಾಗೆ ಮಾಡಿದರೆ ಈ ಪತ್ರ ಬರೆದದ್ದೇ ನನಗೆ ನೆನಪಿರುವುದಿಲ್ಲವಂತೆ. ಧಾರವಾಡದ ನನ್ನ ಮನೆಯಲ್ಲಿ ಸುಮ್ಮನೆ ಇನ್ನೊಂದು ಬೆಳಗಾಗುತ್ತದೆ. ಮಾಡದಿದ್ದರೆ ನಾಳೆ ಹತ್ತು ಗಂಟೆಗೆ ನಾನು ಸುಳ್ಳಾಣೆ ಇಡುತ್ತೇನೆ, ಐದು ಹೆಸರುಗಳನ್ನು ನನ್ನ ಮನಸ್ಸಿನಿಂದಲೇ ಹುಟ್ಟಿಸುತ್ತೇನೆ. ಆ ಬಸುರಿಗೂ ಒಂದು ಹೆಸರು ಯೋಚಿಸಿಟ್ಟಿದ್ದೇನೆ. ಆದರೆ ತಾಯೀ, ಅದು ಅವಳದಲ್ಲ.

ಇಂತಿ,
ನೀಲಾವತಿ ಬೆಳವಟಗಿ