ಒಪ್ಪತ್ತಿನ ಗುಳಿಗೆ

ಚನ್ನಗಿರಿ, ಆಸ್ಪತ್ರೆಯ ಜಗುಲಿಯಿಂದ
೧೪ ಆಗಸ್ಟ್ ೧೯೮೪, ಮಂಗಳವಾರ

ಮಗಳು ಶಾಂತಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನೀನು, ನಿನ್ನ ಯಜಮಾನರು ಕ್ಷೇಮವೇ? ಜಗಳೂರಿನ ನೀರು ಗಡಸು ಎನ್ನುತ್ತಾರೆ, ಬೇಳೆ ಬೇಯುತ್ತದೆಯೋ ಇಲ್ಲವೋ. ಮೂರು ವರ್ಷವಾದ ಮೇಲೆ ಈ ಮುದುಕನಿಗೆ ಬೇಳೆಯ ಚಿಂತೆ ಎಲ್ಲಿಂದ ಬಂತು ಎಂದು ನಗಬೇಡ. ನಿನ್ನ ಮದುವೆಗೆ ಬಾರದವನು ನಾನು, ಹೊಸ್ತಿಲು ತುಳಿಯಬೇಡ ಎಂದವನೂ ನಾನೇ. ಆ ಬಾಯಿಂದ ಕ್ಷೇಮ ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ನಿನ್ನ ಅವ್ವ ಬದುಕಿದ್ದಾಳೆ. ಅದನ್ನು ಮೊದಲೇ ಬರೆದುಬಿಟ್ಟೆ, ಮುಂದಿನದನ್ನು ಹೆದರದೆ ಓದು. ಶ್ರಾವಣದ ಮೊದಲ ಸೋಮವಾರದಿಂದ ಅವಳು ಒಪ್ಪತ್ತು ಹಿಡಿದಿದ್ದಳು, ದಿನಕ್ಕೆ ಒಂದೇ ಊಟ. ನಿನ್ನಿಂದ ಒಂದು ಕಾಗದ ಬರುವವರೆಗೆ ಬಿಡುವುದಿಲ್ಲವೆಂದು ಹರಕೆ. ಬಿ.ಪಿ.ಗೆ ಡಾಕ್ಟರು ಊಟಕ್ಕೊಂದರಂತೆ ದಿನಕ್ಕೆ ಮೂರು ಗುಳಿಗೆ ಬರೆದಿದ್ದರು. ಊಟವೇ ಒಂದಾದರೆ ಗುಳಿಗೆ ಹೇಗೆ ಎಂದು ಕೇಳಿದಳು. ಮೂವತ್ತು ವರ್ಷ ಊರ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಮೇಷ್ಟ್ರು ನಾನು, ಯೋಚಿಸಲೂ ಇಲ್ಲ. "ಮೂರೊಂದ್ಲಿ ಮೂರು, ಒಂದ್ಮೂರ್ಲಿ ಮೂರು. ಒಟ್ಟಿಗೆ ನುಂಗು, ಹರಕೆನೂ ಕೆಡಲ್ಲ" ಎಂದೆ. ಅವಳು ನಂಬಿದಳು. ಲಗ್ನವಾದಾಗಿನಿಂದ ನಾನು ಹೇಳಿದ್ದನ್ನೆಲ್ಲ ನಂಬಿಕೊಂಡೇ ಬಂದವಳು ಅವಳು.

ದಿನವೂ ಊಟವಾದ ಮೇಲೆ ತಲೆ ತಿರುಗುತ್ತದೆ ಎನ್ನುತ್ತಿದ್ದಳು, ಉಪವಾಸದ ನಿಶ್ಶಕ್ತಿ ಎಂದುಕೊಂಡೆವು. ಶನಿವಾರ ಮಧ್ಯಾಹ್ನ ಉಂಡು ಮೂರೂ ಗುಳಿಗೆ ನುಂಗಿ, ಅರ್ಧ ಗಂಟೆ ಕೂತು ಎದ್ದವಳು ಕಂಬ ಹಿಡಿದು ನಿಂತುಬಿಟ್ಟಳು, ಕಣ್ಣಿಗೆ ಕತ್ತಲೆ. ಬಿ.ಪಿ. ಏರಿತು ಎಂದುಕೊಂಡು ಇನ್ನೆರಡು ಗುಳಿಗೆ ನನ್ನ ಕೈಯಾರೆ ಅವಳ ಬಾಯಿಗಿಟ್ಟು ನೀರು ಕುಡಿಸಿದೆ. ಏರಿದ್ದಲ್ಲ ತಾಯಿ, ಅದು ಇಳಿದದ್ದು. ಸ್ವಲ್ಪ ಹೊತ್ತಿಗೆ ಮೈ ತಣ್ಣಗಾಗಿ ಬೆವರಿತು, ಕರೆದರೆ ಮಾತಿಲ್ಲ. ಪಕ್ಕದ ಮನೆಯ ಪಾಲಣ್ಣ ತನ್ನ ಮೆಟಡಾರ್‌ನಲ್ಲಿ ಸಂತೇಬೆನ್ನೂರಿನಿಂದ ಇಲ್ಲಿಗೆ ಕರೆತಂದ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು, ಮತ್ತೆ ಒತ್ತಿದರು. ಮೇಲಿನದು ಅರವತ್ತು, ಕೆಳಗಿನದು ಸಿಗುತ್ತಲೇ ಇಲ್ಲವೆಂದರು. ಎಷ್ಟು ಗುಳಿಗೆ ಎಂದು ಕೇಳಿದಾಗ ನನ್ನ ಬಾಯಿಗೆ ಮೂರು ಎಂದೇ ಬಂತು. "ಮೇಷ್ಟ್ರೇ, ಸರಿಯಾಗಿ ಹೇಳ್ರಿ, ಜೀವದ ಮಾತೈತೆ" ಎಂದರು. ಐದು ಎಂದೆ. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಕಾಲು ಮೇಲಾಗಲೆಂದು ಮಂಚದಡಿ ಇಟ್ಟಿಗೆ ಕೊಟ್ಟರು, ಎರಡೂ ಕೈಗೆ ಸಲೈನ್ ಹಾಕಿದರು. ಅದೂ ಸಾಲದೆ ಬಾಟಲಿಗೆ ಇಂಜೆಕ್ಷನ್ ಸೇರಿಸಿ ಹನಿ ಎಣಿಸುತ್ತ ನಿಂತರು. ನರ್ಸ್ ಗಾದ್ರಮ್ಮ ಹತ್ತು ನಿಮಿಷಕ್ಕೊಮ್ಮೆ ಪಟ್ಟಿ ಒತ್ತಿ ನೋಡುತ್ತಿದ್ದರು. ಅರವತ್ತು, ಅರವತ್ತು, ಎಪ್ಪತ್ತು. ದೀಪ ಹಚ್ಚುವ ಹೊತ್ತಿಗೆ ತೊಂಬತ್ತು. ನಾನು ಗೋಡೆಗೆ ಒರಗಿ ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದು ನನ್ನಂಥವನಿಗೇ. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಅಂಚೆಯೋನು ಬಂದಿದ್ನೇನ್ರಿ?" ಡಾಕ್ಟರು ಗದರಿದ ಮೇಲೆ ನಿನ್ನೆಯಿಂದ ಎರಡು ಹೊತ್ತು ಗಂಜಿ ಕುಡಿಯುತ್ತಿದ್ದಾಳೆ.

ತಿಪ್ಪೇರುದ್ರಸ್ವಾಮಿಯವರಿಗೆ ಮಾವನ ಶರಣು ತಿಳಿಸು. ಅವರು ಸ್ವೀಕರಿಸದಿದ್ದರೂ ತಪ್ಪಿಲ್ಲ.

ಇಂತಿ ನಿನ್ನ ಅಪ್ಪ,
ಮುರುಗೇಶಪ್ಪ

ವಿ.ಸೂ.: ಅಂಚೆಯವನು ಬಂದಿದ್ದ ಶಾಂತಾ. ನಿನ್ನ ನಾಲ್ಕು ಕಾಗದವೂ ಬಂದಿದ್ದವು. ನಾನೇ ಈಸಿಕೊಂಡು ಟ್ರಂಕಿನಲ್ಲಿ ಬಚ್ಚಿಟ್ಟಿದ್ದೆ. ಅವಳು ಒಪ್ಪತ್ತು ಮಾಡುತ್ತಿದ್ದಾಗ ಅವು ಅದೇ ಮನೆಯಲ್ಲಿದ್ದವು. ಇವತ್ತು ಬೆಳಿಗ್ಗೆ ಊರಿಂದ ತಂದು ಎಲ್ಲವನ್ನೂ ಓದಿ ಹೇಳಿದೆ. ನಿನಗೆ ಹೆಣ್ಣು ಕೂಸು ಹುಟ್ಟಿದ್ದನ್ನು ಎರಡು ಸಲ ಓದಿಸಿದಳು. ಬೈಯಲಿಲ್ಲ. ಡಾಕ್ಟರು ಹೊಸದಾಗಿ ಬರೆದ ಗುಳಿಗೆ ಕೊಡಲು ಹೋದರೆ, "ನಿಮ್ಮ ಕೈಲಿ ಬ್ಯಾಡ್ರಿ, ನರ್ಸಮ್ಮನ್ನ ಕರೀರಿ" ಎಂದಳು. ಶುಕ್ರವಾರ ಮನೆಗೆ ಕಳಿಸುತ್ತಾರಂತೆ. ಅಲ್ಲಿ ಗುಳಿಗೆ ಕೊಡಲು ಇರುವವನು ನಾನೊಬ್ಬನೇ. ನೀನು ಬಾ ತಾಯಿ.